ಇನ್ನೊಂದ್ಸಲ ಮಾವನ ಮಿಕ್ಸ್‌ಡೌನ್ ಮೆಷಿನ್ನು

ನನ್ನ ಸೋದರಮಾವ ಖಾಲಿ ಕೋಣೆಯನ್ನು ರೆಕಾರ್ಡ್ ಮಾಡುತ್ತಿದ್ದ ಕಾಲದಲ್ಲಿ ಅವನ ಮನೆಗೆ ಹೋದವರು ಕೈಗಡಿಯಾರವನ್ನು ಬಾಗಿಲ ಹೊರಗೇ ಬಿಚ್ಚಿಡಬೇಕಿತ್ತು. ನೆಗಡಿಯಾದವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಒಂದು ಸಲ ಹಸಿವಿಗೆ ನನ್ನ ಹೊಟ್ಟೆ ಗುರ್ ಎಂದಾಗ ಮಾವ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಹೊಟ್ಟೆಯನ್ನೂ ಬಿಚ್ಚಿ ಗಡಿಯಾರದ ಪಕ್ಕ ಇಟ್ಟು ಬಾ ಎನ್ನುವಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಮನೆಯ ಮೆಟ್ಟಿಲು ಮತ್ತೆ ತುಳಿಯುತ್ತಿರಲಿಲ್ಲ. ನಾನು ತುಳಿದೆ, ಏಕೆಂದರೆ ವ್ಯಾನು ನನ್ನದು. ಡ್ರೈಕ್ಲೀನಿಂಗ್ ಅಂಗಡಿ ನಡೆಸುವವಳಿಗೆ ವ್ಯಾನು ಬೇಕೇ ಬೇಕು, ಮಾವನಂಥವನಿಗೆ ವ್ಯಾನಿರುವ ಸೋದರಸೊಸೆ ಬೇಕೇ ಬೇಕು.

ಮಾವನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಅವನ ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತು. ಉಳಿದವರೆಲ್ಲ ಅವನನ್ನು ಕರೆಯುವುದು ‘ಇನ್ನೊಂದ್ಸಲ’ ಎಂದು. ಅವನ ಸ್ಟುಡಿಯೋದಲ್ಲಿ ಯಾರೇ ಹಾಡಲಿ, ಎಷ್ಟೇ ಚೆನ್ನಾಗಿ ಹಾಡಲಿ, ಗಾಜಿನ ಆಚೆಯಿಂದ ಅವನು ಹೇಳುವುದು ಒಂದೇ ಮಾತು: “ಚೆನ್ನಾಗಿತ್ತು. ಇನ್ನೊಂದ್ಸಲ.” ಅಂಗಿ ಕೊಳ್ಳುವಾಗಲೂ ಅಷ್ಟೇ, ಕ್ಷೌರ ಮಾಡಿಸಿಕೊಳ್ಳುವಾಗಲೂ ಅಷ್ಟೇ. ಕ್ಷೌರದವನು ಕನ್ನಡಿ ತೋರಿಸಿದಾಗ ಅಭ್ಯಾಸಬಲದಿಂದ ಇನ್ನೊಂದ್ಸಲ ಎಂದುಬಿಟ್ಟು, ಆ ತಿಂಗಳೆಲ್ಲ ಟೋಪಿ ಹಾಕಿಕೊಂಡು ಓಡಾಡಿದ.

ಅವನ ಮದುವೆಯಾದದ್ದೂ ಈ ಮಾತಿನಿಂದಲೇ. ಅತ್ತೆ ಆಗ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಾಸಿಗೆ ಅಂಗಡಿಯವರ ಜಾಹೀರಾತಿಗೆ ನಾಲ್ಕು ಸಾಲು ಹಾಡಲೆಂದು ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದವಳು, ಸಂಜೆಯಾದರೂ ಅದೇ ನಾಲ್ಕು ಸಾಲು ಹಾಡುತ್ತಿದ್ದಳು. ಮೆತ್ತನೆಯ ಹಾಸಿಗೆ, ಸುಖದ ನಿದ್ದೆ ಎಂದು ಹಾಡಿ ಹಾಡಿ ಅವಳಿಗೇ ತೂಕಡಿಕೆ ಬಂದಿತ್ತಂತೆ. ಕೊನೆಗೆ ರೇಗಿಹೋಗಿ, ಆ ಮಾತು ಮತ್ತೆ ನಿಮ್ಮ ಬಾಯಿಂದ ಬಂದರೆ ನಿಮ್ಮನ್ನೇ ಮದುವೆಯಾಗಿ ಜೀವಮಾನವಿಡೀ ಸೇಡು ತೀರಿಸಿಕೊಳ್ಳುತ್ತೇನೆ ಎಂದಳು. ಮಾವ ಒಂದು ಕ್ಷಣ ಯೋಚಿಸಿ, ಮೈಕಿನ ಹತ್ತಿರ ಬಾಗಿ, ಇನ್ನೊಂದ್ಸಲ ಎಂದ. ಅತ್ತೆ ಕೊಟ್ಟ ಮಾತಿಗೆ ತಪ್ಪುವವಳಲ್ಲ.

ಸ್ಟುಡಿಯೋ ಎಂದರೆ ದೊಡ್ಡದೇನಲ್ಲ. ಮನೆಯ ಹಿಂಭಾಗದ ಎರಡು ಕೋಣೆ, ನಡುವೆ ಗಾಜು. ಒಂದರಲ್ಲಿ ಹಾಡುವವರು, ಇನ್ನೊಂದರಲ್ಲಿ ಮಾವ. ಗೋಡೆಗೆಲ್ಲ ಮೊಟ್ಟೆಯ ಟ್ರೇಗಳು, ಅವುಗಳ ಮೇಲೆ ಹಳೆಯ ಕಂಬಳಿ. ಹಾಡುವ ಕೋಣೆಯ ಒಂದು ಗೋಡೆಯ ಆಚೆಗೆ ಅಡುಗೆಮನೆ. ಶಾಲೆಯ ಮಕ್ಕಳು ಬರುತ್ತಾರೆ, ಅಂಗಡಿಗಳವರು ಬರುತ್ತಾರೆ, ತಮ್ಮ ನಾಯಿಯ ಮೇಲೆ ತಾವೇ ಹಾಡು ಕಟ್ಟಿದ ಹಲ್ಲಿನ ಡಾಕ್ಟರೊಬ್ಬರು ತಪ್ಪದೆ ಬರುತ್ತಾರೆ. ಹಾಡಿದ್ದು, ಬಾರಿಸಿದ್ದು, ಊದಿದ್ದು ಎಲ್ಲವನ್ನೂ ಮಾವ ಮೊದಲು ಬೇರೆ ಬೇರೆಯಾಗಿ ಹದಿನಾರು ದಾರಿಯ, ಅಂದರೆ ಟ್ರ್ಯಾಕಿನ, ಮೆಷಿನ್ನೊಂದರಲ್ಲಿ ಹಿಡಿದಿಡುತ್ತಾನೆ. ಆಮೇಲೆ ಯಾವುದು ಜೋರು, ಯಾವುದು ಮೆಲ್ಲಗೆ ಎಂದು ಹದ ನೋಡಿ, ಎಲ್ಲವನ್ನೂ ಬೆರೆಸಿ, ಎಡಗಿವಿಗೊಂದು ಬಲಗಿವಿಗೊಂದು ಎಂದು ಎರಡಕ್ಕೆ ಇಳಿಸಬೇಕು. ಇದಕ್ಕೆ ಮಿಕ್ಸ್‌ಡೌನ್ ಎನ್ನುತ್ತಾರೆ. ಹಾಗೆ ಇಳಿದು ಬಂದದ್ದನ್ನು ಹಿಡಿದುಕೊಳ್ಳಲು ಕೊನೆಯಲ್ಲೊಂದು ಮೆಷಿನ್ನು ಬೇಕು. ಜನ ಮನೆಗೆ ಒಯ್ದು ಕೇಳುವುದು ಅದರೊಳಗೆ ಬಿದ್ದದ್ದನ್ನೇ.

ಹಾಗೆ ಕೊನೆಯಲ್ಲಿದ್ದ ಮಾವನ ಹಳೆಯ ಟೇಪ್ ಮೆಷಿನ್ನು ಒಂದು ದಿನ ಹಲ್ಲಿನ ಡಾಕ್ಟರ ಹಾಡನ್ನು ಅಗಿದು ನುಂಗಿ ಪ್ರಾಣ ಬಿಟ್ಟಿತು. ನಾಯಿ ಕೂಡ ಇಷ್ಟು ಚೆನ್ನಾಗಿ ಅಗಿಯುತ್ತಿರಲಿಲ್ಲ ಎಂದಳು ಅತ್ತೆ. ಹೊಸದೊಂದನ್ನು ಆರಿಸಬೇಕಾಯಿತು. ಆರಿಸುವವನು ಮಾವ ಎಂದ ಮೇಲೆ ಇದು ಇವತ್ತು ನಾಳೆಗೆ ಮುಗಿಯುವ ಕೆಲಸವಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅದೇ ವಾರ ಅತ್ತೆಯ ಗಂಟಲಲ್ಲಿ ಸಣ್ಣದೊಂದು ಗಂಟು ಕಾಣಿಸಿಕೊಂಡಿತು. ಜೀವಕ್ಕೇನೂ ಭಯವಿಲ್ಲ, ಆದರೆ ಮುಂದಿನ ತಿಂಗಳು ತೆಗೆಯಲೇಬೇಕು, ಆಮೇಲೆ ದನಿ ಹೀಗೇ ಇರುತ್ತದೆಂದು ಹೇಳಲಾರೆ ಎಂದರು ಗಂಟಲಿನ ಡಾಕ್ಟರು. ಅತ್ತೆ ಅತ್ತಳೋ ಇಲ್ಲವೋ ನಾನು ನೋಡಲಿಲ್ಲ. ಮನೆಗೆ ಬಂದವಳೇ ಮಾವನೆದುರು ಕುರ್ಚಿ ಎಳೆದುಕೊಂಡು ಕೂತಳು. ತರಕಾರಿ ಹೆಚ್ಚುತ್ತ, ಬಟ್ಟೆ ಮಡಿಚುತ್ತ ಇಷ್ಟು ವರ್ಷಗಳಲ್ಲಿ ಅವಳು ಎಂಟು ಹಾಡು ಕಟ್ಟಿದ್ದಳು. ಊರವರ ಹಾಡೆಲ್ಲ ರೆಕಾರ್ಡಾಗಿತ್ತು, ನಾಯಿಯ ಹಾಡೂ ಆಗಿತ್ತು, ಅವಳದು ಆಗಿರಲಿಲ್ಲ. ಮನೆಯವಳೇ ತಾನೆ, ಯಾವಾಗ ಬೇಕಾದರೂ ಆದೀತು ಎಂದು ಇಬ್ಬರೂ ಮುಂದೂಡಿದ್ದರು.

“ನನ್ನ ದನಿ ಇರೋವಾಗ್ಲೇ ಅವನ್ನ ಹಿಡಿದಿಟ್ಬಿಡ್ರೀ,” ಎಂದಳು. “ಆಮೇಲೆ ಹೋದ್ರೆ ಹೋಗ್ಲಿ.”

ಮಾವನ ಕಣ್ಣು ತುಂಬಿ ಬಂತು. ನಿನ್ನ ಹಾಡಿಗೆ ಅಂತಿಂಥ ಮೆಷಿನ್ನು ಸಾಲದು, ಇರುವುದರಲ್ಲೇ ಒಳ್ಳೆಯದನ್ನು ತರುತ್ತೇನೆ ಎಂದ. ಅಲ್ಲಿಗೆ ಕೆಲಸ ಕೆಟ್ಟಿತು.

ಹದಿನಾರು ದಾರಿಯ ಮೆಷಿನ್ನು ಚೆನ್ನಾಗಿಯೇ ಇದೆಯಲ್ಲ, ಈಗ ಹಾಡಿಸಿ ಅದರಲ್ಲಿಟ್ಟುಕೋ, ಮಿಕ್ಸ್‌ಡೌನ್ ಆಮೇಲೆ ಮಾಡು ಎಂದು ನಾನು ಹೇಳಿದೆ. ಸಂಗೀತದ ಗಂಧಗಾಳಿ ಇಲ್ಲದ ನನಗೇ ಹೊಳೆದ ಮಾತು ಅದು. ಮಾವ ನನ್ನತ್ತ ಕನಿಕರದಿಂದ ನೋಡಿದ.

“ಕೊನೇ ಮೆಷಿನ್ ಯಾವ್ದು ಅಂತ ಗೊತ್ತಾಗ್ದೆ ಮೊದಲ್ನೇ ಮೈಕ್ ಎಲ್ಲಿಡ್ಲಿ ಹೇಳು.”

ಟೇಪಾದರೆ ದನಿಯನ್ನು ತುಸು ಜೋರಾಗಿ ಕೊಡಬೇಕಂತೆ, ಡಿಜಿಟಲ್ ಆದರೆ ತಗ್ಗಿಸಬೇಕಂತೆ. ಜೋರಾದರೆ ಮೈಕು ಇಲ್ಲಿ, ತಗ್ಗಿದರೆ ಮೈಕು ಅಲ್ಲಿ. ಮೈಕು ಅಲ್ಲಿಗೆ ಹೋದರೆ ಕಂಬಳಿ ಇಲ್ಲಿಗೆ ಬರಬೇಕು. ಯಾರ ತೋಳೆಂದು ತಿಳಿಯದೆ ಅಂಗಿಯ ತೋಳು ಹೊಲಿಯುತ್ತೀಯಾ ಎಂದು ನನ್ನನ್ನೇ ಕೇಳಿದ. ನಾನು ಬಟ್ಟೆ ಒಗೆಯುವವಳು, ಹೊಲಿಯುವವಳಲ್ಲ ಎಂದೆ. ನನಗೆ ಮೈ ಪರಚಿಕೊಳ್ಳುವಂತಾಗಿತ್ತು. ಅತ್ತೆ ಎದ್ದು ಅಡುಗೆಮನೆಗೆ ಹೋದಳು.

ಪೇಟೆಯಲ್ಲಿ ಸೌಂಡ್ ಸಾಮಾನಿನ ಅಂಗಡಿಯವನೊಬ್ಬನಿದ್ದ. ಮನೆಗೆ ಒಯ್ದು ನೋಡಿ, ಸರಿಹೋಗದಿದ್ದರೆ ವಾಪಸ್ ತನ್ನಿ ಎನ್ನುವುದು ಅವನ ವ್ಯಾಪಾರದ ರೀತಿ. ಮಾವನಂಥ ಗಿರಾಕಿ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಮೊದಲು ತಂದದ್ದು ದೊಡ್ಡ ಟೇಪ್ ಮೆಷಿನ್ನು. ಯಾರದೋ ಮದುವೆಯ ಕೋಟುಗಳ ನಡುವೆ ಅದನ್ನು ವ್ಯಾನಿನಲ್ಲಿ ಮಲಗಿಸಿ, ಹೊಂಡ ಬಂದಾಗಲೆಲ್ಲ ಮಾವ ಅದರ ಮೇಲೆ ಕೈಯಿಟ್ಟು ಸಮಾಧಾನ ಮಾಡುತ್ತಿದ್ದ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಾಗ ಇಷ್ಟು ಹುಷಾರಿ ಇರಲಿಲ್ಲ ಎಂದು ನಾನು ಹೇಳಿದೆ. ಅವನಿಗೆ ಕೇಳಿಸಲಿಲ್ಲ.

ಪರೀಕ್ಷೆಯ ರೀತಿ ಅವನದೇ. ಗದ್ದಲವನ್ನು ಯಾವ ಮೆಷಿನ್ನು ಬೇಕಾದರೂ ಹಿಡಿಯುತ್ತದೆ, ಯೋಗ್ಯತೆ ತಿಳಿಯುವುದು ಅದು ಎಷ್ಟು ಸುಮ್ಮನಿರುತ್ತದೆ ಎನ್ನುವುದರಲ್ಲಿ ಎಂಬುದು ಅವನ ಸಿದ್ಧಾಂತ. ಹಾಗಾಗಿ ಅವನು ರೆಕಾರ್ಡ್ ಮಾಡುತ್ತಿದ್ದುದು ಖಾಲಿ ಕೋಣೆಯನ್ನು. ಮೊದಲು ಹೆಡ್‌ಫೋನ್ ಹಾಕಿಕೊಂಡು ಮೈಕಿನಿಂದ ಬರುವುದನ್ನು ನೇರವಾಗಿ ಕೇಳುತ್ತಿದ್ದ. ಆಗ ಗುಂಡಿ ಒತ್ತಲು ಅತ್ತೆ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ಎಲ್ಲ ಸ್ತಬ್ಧ. ಸರಿ ಎಂದು ತಲೆಯಾಡಿಸಿದರೆ ಅತ್ತೆ ಗುಂಡಿ ಒತ್ತಬೇಕು, ಮತ್ತೆ ಎಲ್ಲರೂ ಬೆರಳ ತುದಿಯಲ್ಲಿ ನಡೆದು ಹೊರಗೆ ಹೋಗಬೇಕು. ತನ್ನ ಎದೆಬಡಿತವೂ ಅದರಲ್ಲಿ ಬೀಳಬಾರದೆಂದು ಮಾವ ನನ್ನ ವ್ಯಾನಿನಲ್ಲಿ ಬಂದು ಕೂರುತ್ತಿದ್ದ. ಅತ್ತೆ ಅಡುಗೆಮನೆಗೆ ಹೋಗುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಮಾವ ಒಳಗೆ ಹೋಗಿ, ಹಿಡಿದದ್ದನ್ನು ಕೇಳುತ್ತಿದ್ದ.

ಕೇಳಿ ಹೊರಗೆ ಬಂದಾಗ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. ಒಳಗೆ ಏನೋ ಸಣ್ಣ ಎಳೆಯಂಥ ಸದ್ದಿದೆ, ಏರುತ್ತದೆ, ಇಳಿಯುತ್ತದೆ, ಮೋಟಾರು ಸರಿಯಿಲ್ಲ ಎಂದ. ಮೆಷಿನ್ನು ವಾಪಸ್ ಹೋಯಿತು.

ಎರಡನೆಯದು ಡಿಜಿಟಲ್. ಅದರಲ್ಲಿ ಅಂಥ ಮೋಟಾರೇ ಇಲ್ಲ, ಆದರೂ ಅದೇ ಸದ್ದು. ಮೂರನೆಯದು ನೇರವಾಗಿ ಸಿ.ಡಿ. ಬರೆಯುವಂಥದು. ಅದರಲ್ಲಿ ಸದ್ದು ಇನ್ನೂ ಸ್ಪಷ್ಟ. ನಾಲ್ಕನೆಯದು ಕಂಪ್ಯೂಟರು. ಅದರ ಪರದೆಯ ಮೇಲೆ ಆ ಸದ್ದು ಇರುವೆ ಸಾಲಿನಂತೆ ಕಾಣುತ್ತಲೂ ಇತ್ತು. ನೇರವಾಗಿ ಕೇಳಿದರೆ ಕೋಣೆ ಸ್ತಬ್ಧ, ಮೆಷಿನ್ನಿನಿಂದ ಕೇಳಿದರೆ ಸದ್ದು. ಅಂದ ಮೇಲೆ ತಪ್ಪು ಮೆಷಿನ್ನಿನದೇ ಎಂದು ಮಾವ ಮೇಜು ಕುಟ್ಟಿ ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು, ಅದೇ ಬೇಜಾರು. ನಾನು ಫ್ರಿಜ್ ಇರಬಹುದೆಂದೆ. ಫ್ರಿಜ್ ಆರಿಸಿದ್ದಕ್ಕೆ ಹಾಲು ಒಡೆಯಿತು, ಸದ್ದು ಹೋಗಲಿಲ್ಲ. ಗೋಡೆ ಗಡಿಯಾರವನ್ನು ಬೀದಿಯ ಕೊನೆಯ ಔಷಧಿ ಅಂಗಡಿಯಲ್ಲಿ ಇಟ್ಟು ಬಂದೆವು. ಪಕ್ಕದ ಮನೆಯವರನ್ನು ಕಾಡಿ ಬೇಡಿ ಅವರ ಮೀನಿನ ತೊಟ್ಟಿಯ ಪಂಪು ನಿಲ್ಲಿಸಿದೆವು. ಅವರು ಮೀನುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೋಗಿ ಕೂತಿದ್ದರು.

ಇದಾವುದರಿಂದಲೂ ಬಗೆಹರಿಯದೆ ಹೋದಾಗ ಮಾವ ನಾಲ್ಕೂ ಮೆಷಿನ್ನುಗಳು ಹಿಡಿದ ಖಾಲಿ ಕೋಣೆಯನ್ನು ನಮಗೆಲ್ಲ ಕೇಳಿಸಿದ. ನನ್ನ ಅಮ್ಮ, ಅಂದರೆ ಅವನ ಅಕ್ಕ, ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಸಂಗೀತ ಕೇಳಲು ಕರೆದಿದ್ದಾರೆಂದು ಅವಳ ಎಣಿಕೆ. ಹಲ್ಲಿನ ಡಾಕ್ಟರು ಮೊದಲನೆಯ ಮೌನಕ್ಕೇ ನಿದ್ದೆಹೋದರು. ಎರಡನೆಯದರಲ್ಲಿ ಏನೋ ಕೊರಗಿದೆ ಕಣೋ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅತ್ತೆ ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿ, ಇದನ್ನು ಎಲ್ಲೋ ಕೇಳಿದ ಹಾಗಿದೆ, ಬಹುಶಃ ನಮ್ಮ ಹಳೆಯ ಮಿಕ್ಸಿ ಎಂದಳು. ಮಿಕ್ಸಿಯೂ ವ್ಯಾನು ಹತ್ತಿತು.

ನಾವು ಹೀಗೆ ತೌಡು ಕುಟ್ಟುತ್ತ ಕೂತಿರುವಾಗ ತಿಂಗಳು ಕಳೆದಿತ್ತು. ಊಟಕ್ಕೆ ಕೂತಾಗಲೆಲ್ಲ ಅತ್ತೆ ಮೆಷಿನ್ನು ಸಿಕ್ಕಿತೇ ಎಂದು ಕೇಳುತ್ತಿದ್ದಳು. ಮೊದಮೊದಲು ನಗುತ್ತ ಕೇಳುತ್ತಿದ್ದಳು, ಆಮೇಲೆ ನಗದೆ, ಕೊನೆಕೊನೆಗೆ ಕೇಳುವುದನ್ನೇ ಬಿಟ್ಟಳು. ಮಾವನೋ ಇನ್ನೂ ಮೀನಮೇಷ ಎಣಿಸುತ್ತಿದ್ದ. ಆಪರೇಷನ್ನಿನ ದಿನ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ವ್ಯಾನು ಹತ್ತುವ ಮುಂಚೆ ಅವಳು ಸ್ಟುಡಿಯೋದ ಬಾಗಿಲಿಗೆ ಹೋಗಿ ಒಳಗೆ ಇಣುಕಿದಳು. ಮೈಕು ಖಾಲಿ ಕೋಣೆಯ ನಡುವೆ ಒಂಟಿಯಾಗಿ ನಿಂತಿತ್ತು. ಇರ್ಲಿ ಬಿಡಿ ಎಂದಳು. ಅವತ್ತು ನನಗೆ ಮಾವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆಸ್ಪತ್ರೆಯವರೆಗೂ ಅವನೊಡನೆ ಒಂದು ಮಾತೂ ಆಡಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಎರಡು ವಾರ ಬಾಯಿಗೆ ಬೀಗ ಎಂದರು ಡಾಕ್ಟರು. ಮಾತಿಲ್ಲ, ಪಿಸುಮಾತಿಲ್ಲ, ಕೆಮ್ಮೂ ನಗುವೂ ಆದಷ್ಟು ಬೇಡ. ಅತ್ತೆ ಒಂದು ಚಮಚ ಹಿಡಿದುಕೊಂಡಳು. ತಟ್ಟೆಗೆ ಒಂದೇಟು ಬಡಿದರೆ ಹೌದು, ಎರಡೇಟು ಬಡಿದರೆ ಇಲ್ಲ. ಮೂರೇಟಾದರೆ ನಿಮ್ಮ ತಲೆ ಎಂದರ್ಥ. ಮಾವನಿಗೆ ಬೀಳುತ್ತಿದ್ದುದು ಹೆಚ್ಚಾಗಿ ಮೂರೇಟು.

ತಪ್ಪು ಮಾಡಿದವನ ಮುಖ ಹೊತ್ತು ಮನೆಯಲ್ಲಿ ಕೂರಲಾರದೆ ಅವನು ಮತ್ತೆ ಅಂಗಡಿಗೆ ಹೋದ. ಅಲ್ಲಿ ಅಂಗಡಿಯವನು ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಟ್ಟಿದ್ದ ಹಳೆಯ ರೆಕಾರ್ಡರೊಂದು ಕಣ್ಣಿಗೆ ಬಿತ್ತು. ಅದನ್ನು ಧೂಳು ಒರೆಸಿ ತಂದು ಪರೀಕ್ಷೆ ಮಾಡಿದ. ನಾವು ವ್ಯಾನಿನಲ್ಲಿ, ಅತ್ತೆ ಅಡುಗೆಮನೆಯಲ್ಲಿ. ಅರ್ಧ ಗಂಟೆಯ ಮೇಲೆ ಒಳಗೆ ಹೋದವನು ಹೆಡ್‌ಫೋನ್ ಕಿತ್ತೆಸೆದು ಓಡಿಬಂದು ಸಿಕ್ಕಿತು ಎಂದ. ಎಳ್ಳಷ್ಟೂ ಸದ್ದಿಲ್ಲ. ಅಂಗಡಿಯ ಬಾಗಿಲಿಗೆ ಒತ್ತಿಟ್ಟಿದ್ದ ಡಬ್ಬ ಲೋಕೋತ್ತರ ಮೆಷಿನ್ನಾಗಿತ್ತು.

ಬೇರೆಯವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಆದರೆ ಇವನು ಇನ್ನೊಂದ್ಸಲ. ಹೋಲಿಸಿ ನೋಡಲೆಂದು ಹಳೆಯ ನಾಲ್ಕನ್ನೂ ಮತ್ತೆ ತರಿಸಿದ. ನನ್ನ ವ್ಯಾನು ಕಂಡರೆ ಅಂಗಡಿಯವನು ಈಗ ಗಲ್ಲಾದ ಹಿಂದೆ ಬಗ್ಗಿಕೊಳ್ಳುತ್ತಿದ್ದ. ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿದರೆ ನಾಲ್ಕೂ ಸ್ತಬ್ಧ. ಯಾವುದರಲ್ಲೂ ಯಾವ ಸದ್ದೂ ಇಲ್ಲ. ಮಾವ ಐದು ಒಳ್ಳೆಯ ಮೆಷಿನ್ನುಗಳ ನಡುವೆ ತಲೆ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಅತ್ತೆ ಚಹಾ ತಂದು ಪಕ್ಕದಲ್ಲಿಟ್ಟು, ಸದ್ದಿಲ್ಲದೆ ಅಡುಗೆಮನೆಗೆ ಹೋದಳು. ಮಾವ ಅವಳು ಹೋದ ದಾರಿಯನ್ನೇ ನೋಡುತ್ತಿದ್ದ.

“ಆಸ್ಪತ್ರೆಯಿಂದ ಬಂದಾಗಿನಿಂದ ಈ ಮನೆ ಯಾಕೆ ಹೀಗಿದೆ?” ಎಂದು ನನ್ನನ್ನು ಕೇಳಿದ.

ಹೇಗೆ ಎಂದೆ. ಅವನು ಎದ್ದು, ಮೊದಲು ಮಾಡಿದ್ದ ಪರೀಕ್ಷೆಯ ರೆಕಾರ್ಡುಗಳನ್ನು ಹುಡುಕಿ ತೆಗೆದು, ಒಂದನ್ನು ಹಾಕಿ, ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಸ್ಪೀಕರು ಭುಸುಗುಟ್ಟಿತು. ಅದರ ಹಿಂದೆ, ಗೋಡೆಯಾಚೆಯಿಂದ, ಮೋಟಾರೂ ಅಲ್ಲದ ಮಿಕ್ಸಿಯೂ ಅಲ್ಲದ ಸದ್ದು ಏರಿತು, ಇಳಿಯಿತು. ಅದು ಗುನುಗು. ಯಾವ ಹಾಡೆಂದು ನನಗೂ ತಿಳಿಯಿತು. ನಾವೆಲ್ಲ ಬೆರಳ ತುದಿಯಲ್ಲಿ ಹೊರಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ ತನ್ನ ಹಾಡುಗಳನ್ನು ಮರೆಯದಂತೆ ಒಂದೊಂದಾಗಿ ಗುನುಗಿಕೊಂಡಿದ್ದಳು. ಹಾಡಿಸುವ ದಿನಕ್ಕೆ ತಯಾರಾಗಿರಲೆಂದು. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳು, ದನಿ ಹೊರಗೆ ಬರುತ್ತಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಮೂವತ್ತು ವರ್ಷ ಕೇಳಿ ಕೇಳಿ ಮಾವನ ಕಿವಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಮೆಷಿನ್ನುಗಳು ಹೊಸಬರು, ಅವಕ್ಕೆ ಕೇಳಿಸಿತು.

ಸದ್ದಿಗೆ ಅತ್ತೆ ಚಮಚ ಹಿಡಿದೇ ಓಡಿಬಂದಳು. ಒಂದು ನಿಮಿಷ ನಿಂತು ಕೇಳಿದಳು. ಆಮೇಲೆ ನಗಬಾರದೆಂದು ಬಾಯಿಗೆ ಕೈ ಒತ್ತಿಕೊಂಡು, ಮೇಜು ಹಿಡಿದು, ಮೈಯೆಲ್ಲ ಕುಲುಕುವಂತೆ ಬಾಗಿದಳು. ಮಾವ ಮಾತ್ರ ನಗಲಿಲ್ಲ.

“ಅಂಗಡಿಗೆ ನಾಲ್ಕ್ ಸಲ ವಾಪಸ್ ಕೊಟ್ಟಿದ್ದು ಇವಳನ್ನೇ,” ಎಂದ.

ಅತ್ತೆ ಮೇಜಿಗೆ ಚಮಚದಿಂದ ಒಂದೇಟು ಬಡಿದಳು.

ಮಾತಾಡಬಹುದೆಂದು ಡಾಕ್ಟರು ಹೇಳಿದ ದಿನ ಅವಳ ಬಾಯಿಂದ ಬಂದ ಮೊದಲ ಮಾತು, ಉಪ್ಪು ಕೊಡಿ ಎಂದು. ನಾವೆಲ್ಲ ಯಾರು ಬಂದರೆಂದು ಬಾಗಿಲ ಕಡೆ ತಿರುಗಿದೆವು. ದನಿ ಅಷ್ಟು ತಗ್ಗಿತ್ತು, ಒರಟಾಗಿತ್ತು, ತುಂಬ ಸಲ ಒಗೆದ ಅಂಗಿಯ ಕಾಲರಿನ ಹಾಗೆ ಅಂಚು ಸವೆದಿತ್ತು. ನಾವು ತಿರುಗಿದ್ದನ್ನು ಅತ್ತೆ ನೋಡಿಬಿಟ್ಟಳು. ಮತ್ತೆ ಚಮಚ ಕೈಗೆ ತೆಗೆದುಕೊಂಡಳು. ಮಾತಾಡು ಎಂದು ಡಾಕ್ಟರು ಗದರಿದರೂ ಬಿಡಲಿಲ್ಲ. ಅಮ್ಮ ಬಂದು ಕಾಡಿದಳು, ನಾನು ಜಗಳವಾಡಿದೆ, ನನಗೂ ಮೂರೇಟು ಬಿತ್ತು. ಮಾವ ಯಾರಿಗೂ ಹೇಳದೆ ಸ್ಟುಡಿಯೋದಲ್ಲಿ ಮೈಕು ಇಟ್ಟ. ಕೈಗೆ ಸಿಕ್ಕಿದ ಮೆಷಿನ್ನಿಗೆ ತಂತಿ ಸಿಕ್ಕಿಸಿದ, ಅದು ಬಾಗಿಲಿಗೆ ಒತ್ತಿಡುವ ಡಬ್ಬವೇ. ಪರೀಕ್ಷೆ ಮಾಡಲಿಲ್ಲ, ಫ್ರಿಜ್ ಆರಿಸಲಿಲ್ಲ, ನನ್ನ ಗಡಿಯಾರವನ್ನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ದೀಪ ಹಾಕಿ ಗಾಜಿನಾಚೆ ಸುಮ್ಮನೆ ಕೂರುತ್ತಿದ್ದ.

ಒಂದು ದಿನ ನಾನಲ್ಲಿರುವಾಗಲೇ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಮೈಕಿನ ಮುಂದೆ ನಿಂತಳು. ಚಮಚವನ್ನು ಸ್ಟೂಲಿನ ಮೇಲಿಟ್ಟಳು. ಮೊದಲ ಹಾಡು ಹಾಡಿದಳು. ಆ ದನಿ ಹಳೆಯದಲ್ಲ. ಮೇಲೆ ಹೋಗಬೇಕಾದಲ್ಲಿ ಹೋಗದೆ, ಅಲ್ಲೇ ಕೆಳಗೆ ಬೇರೊಂದು ದಾರಿ ಹುಡುಕಿಕೊಳ್ಳುತ್ತಿತ್ತು. ಮಾವ ಕೆನ್ನೆ ಒರೆಸಿಕೊಂಡು ಮೈಕಿನ ಗುಂಡಿ ಒತ್ತಿದ.

“ಚೆನ್ನಾಗಿತ್ತು,” ಎಂದ. “ಸಾಕು. ಇದೇ ಇರ್ಲಿ.”

ಅಬ್ಬಾ, ಈ ಮನುಷ್ಯ ಕೊನೆಗೂ ಬುದ್ಧಿ ಕಲಿತ ಎಂದುಕೊಂಡೆ. ಆದರೆ ಗಾಜಿನಾಚೆ ಅತ್ತೆಯ ಮುಖ ಬಾಡಿಹೋಯಿತು. ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಅಷ್ಟು ಕೆಟ್ಟೋಗಿದ್ಯೇನ್ರೀ?” ಎಂದಳು. “ಹಾಸಿಗೆ ಅಂಗಡಿ ಹಾಡಿಗೂ ನೀವು ಸಾಕು ಅಂದೋರಲ್ಲ.”

ಮಾವ ನನ್ನ ಕಡೆ ನೋಡಿದ. ಆ ಒಂದು ಮಾತನ್ನು ಹುಟ್ಟಿದಾಗಿನಿಂದ ಶಪಿಸಿಕೊಂಡು ಬಂದವಳು ನಾನು. ಹೇಳು ಮಾವ, ಹೇಳು ಎಂದು ಅವನ ಬೆನ್ನು ತಟ್ಟಿದೆ. ಅವನು ಮೈಕಿನ ಹತ್ತಿರ ಬಾಗಿದ.

“ಎರಡನೇ ಸಾಲಲ್ಲಿ ಉಸಿರು ಬೇಗ ತಗೊಂಡೆ ಕಣೇ. ಇನ್ನೊಂದ್ಸಲ.”

ಅತ್ತೆ ಮೂಗು ಒರೆಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಕಾಲು ಸರಿಯಾಗಿ ಊರಿ ನಿಂತಳು. ಅವತ್ತು ಸಂಜೆಯವರೆಗೂ ಆ ಒಂದೇ ಹಾಡು ನಡೆಯಿತು. ನಡುವೆ ಅವಳು ಅವನಿಗೆ ಬೈದದ್ದೂ ಆ ಒರಟು ದನಿಯಲ್ಲೇ. ಮೆಷಿನ್ನುಗಳನ್ನು ವಾಪಸ್ ಕೇಳಲು ಅಂಗಡಿಯವನು ಫೋನು ಮಾಡುತ್ತಲೇ ಇದ್ದ, ನಾನು ಎತ್ತಲಿಲ್ಲ. ಆ ಫೋನಿನ ಸದ್ದು ಈಗಲೂ ಹಾಡಿನ ಕೊನೆಯಲ್ಲಿ ಸಣ್ಣಗೆ ಕೇಳುತ್ತದೆ. ಮಾವ ಅದನ್ನು ತೆಗೆದಿಲ್ಲ.